ಪಿಸ್ತೂಲ್ ಸೀಗಡಿಗೆ ಮೊದಲು ಮರಳು ಕೊಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮನೆಯ ರೀಫ್ ಅಕ್ವೇರಿಯಂ, ಅಂದರೆ ಹವಳ, ಬಂಡೆ ಇರುವ ಉಪ್ಪುನೀರಿನ ಮೀನಿನ ಟ್ಯಾಂಕ್ ಬಗ್ಗೆ ಬಂದ ಬರಹ ಓದಿದೆ. ಗೋಬಿ ಎಂಬ ಪುಟ್ಟ ಮೀನು ಮತ್ತು ದಪ್ಪ ಇಕ್ಕಳದಿಂದ ಟಕ್ ಅಂತ ಸದ್ದು ಮಾಡುವ ಪಿಸ್ತೂಲ್ ಸೀಗಡಿ ಒಂದೇ ಬಿಲದಲ್ಲಿ ಬದುಕುವ ವಿಷಯ ಕನ್ನಡದಲ್ಲಿ ಅರ್ಧ ಪುಟ ಬಂದಿದ್ದು ನೋಡಿ ತುಂಬಾ ಖುಷಿಯಾಯಿತು. ಆದರೆ ಜೊತೆಗಿದ್ದ ಫೋಟೊ ನೋಡಿ ಅಷ್ಟೇ ಬೇಜಾರಾಯಿತು. ಟ್ಯಾಂಕಿನ ತಳದಲ್ಲಿ ಇದ್ದದ್ದು ಬೆರಳಿನ ಉಗುರು ಮುಳುಗುವಷ್ಟು ಮರಳು. ತೆಳ್ಳಗಿದ್ದರೆ ಕ್ಲೀನ್ ಮಾಡಲು ಸುಲಭ ಅನ್ನುವ ಸಲಹೆ ಬೇರೆ. ಅದನ್ನು ಓದಿ ಯಾರಾದರೂ ನಾಳೆಯೇ ಒಂದು ಸೀಗಡಿ ತಂದು ಆ ಉಗುರಷ್ಟು ಮರಳಿನ ಮೇಲೆ ಬಿಟ್ಟರೆ ಅದು ಅಗೆಯಲು ಹೋಗಿ ಗಾಜಿಗೆ ತಲೆ ತಾಗಿಸಿಕೊಂಡು, ಅಡಗಲು ಜಾಗವಿಲ್ಲದೆ ಬಂಡೆಯಿಂದ ಬಂಡೆಗೆ ಓಡಾಡುತ್ತಾ ಕೆಲವೇ ದಿನಗಳಲ್ಲಿ ಇನ್ಯಾವುದೋ ಮೀನಿನ ಬಾಯಿಗೆ ಬೀಳುತ್ತದೆ. ಅದಕ್ಕೇ ಈ ಪತ್ರ. ಈ ಜೋಡಿಗೆ ಮೊದಲು ಬೇಕಾಗಿರುವುದು ನೆಲ. ಉಳಿದದ್ದೆಲ್ಲ ಆಮೇಲೆ. ಪತ್ರ ಸ್ವಲ್ಪ ಉದ್ದವಾಗುತ್ತದೆ, ಸಾಧ್ಯವಾದರೆ ಕತ್ತರಿಸದೆ ಹಾಕಿ.

ಇವೆರಡರ ಸಂಸಾರ ನೋಡದವರಿಗೆ ಎರಡು ಮಾತು. ಸೀಗಡಿಗೆ ಕಣ್ಣು ಮಂದ. ಆದರೆ ಅಗೆಯುವ ಕೆಲಸದಲ್ಲಿ ಅದನ್ನು ಮೀರಿಸುವವರಿಲ್ಲ. ಗೋಬಿಗೆ ಕಣ್ಣು ಚುರುಕು, ಆದರೆ ಇಂಥ ಬಿಲ ತೋಡುವುದು ಅದರ ಕೈಲಾಗುವ ಕೆಲಸವಲ್ಲ. ಹಾಗಾಗಿ ಸೀಗಡಿ ಮನೆ ಕಟ್ಟುತ್ತದೆ, ಗೋಬಿ ಬಾಗಿಲಲ್ಲಿ ಕಾವಲು ಕೂರುತ್ತದೆ. ಕಡಲಲ್ಲಿ ನೂರಕ್ಕೂ ಹೆಚ್ಚು ಜಾತಿಯ ಗೋಬಿಗಳು ಹೀಗೆ ಸೀಗಡಿಯ ಮನೆಯಲ್ಲಿ ಬದುಕುತ್ತವೆ. 1970ರ ದಶಕದಲ್ಲಿ ಇಲಾನ್ ಕಾರ್ಪ್ಲಸ್ ಎಂಬ ವಿಜ್ಞಾನಿ ಕೆಂಪು ಸಮುದ್ರದಲ್ಲಿ ಇವುಗಳ ಮಧ್ಯೆ ನಡೆಯುವ ಸನ್ನೆಗಳನ್ನು ಕೂತು ಗಮನಿಸಿ ಬರೆದರು. ಅವರು ಬರೆದ ಸನ್ನೆಗಳೆಲ್ಲ ಒಂದು ಮನೆಯ ಟ್ಯಾಂಕಿನಲ್ಲೂ ಹಾಗೆಯೇ ನಡೆಯುತ್ತವೆ, ನಾವು ಸುಮ್ನೆ ಕೂತು ನೋಡಬೇಕು ಅಷ್ಟೇ.

ನಮ್ಮ ಟ್ಯಾಂಕಿನಲ್ಲಿ ರಾತ್ರಿ ಬಿಲದ ಬಾಗಿಲು ಮುಚ್ಚಿರುತ್ತದೆ. ಬೆಳಿಗ್ಗೆ ದೀಪ ಹೊತ್ತಿ ಸ್ವಲ್ಪ ಹೊತ್ತಾದ ಮೇಲೆ ಒಂದು ಕಡೆ ಮರಳು ಅಲ್ಲಾಡುತ್ತದೆ. ಮೊದಲು ಹೊರಗೆ ಬರುವುದು ಗೋಬಿಯ ಹಳದಿ ಮೂತಿ. ಎರಡು ಕಣ್ಣು ಹೊರಗಿಟ್ಟು ಅದು ಹಾಗೇ ನಿಲ್ಲುತ್ತದೆ. ಎದುರು ಗಾಜಿನ ಹತ್ತಿರ ನಾನಿದ್ದರೆ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಕಾಯುತ್ತದೆ. ಆಮೇಲೆ ಮೈಯನ್ನು ಪೂರ್ತಿ ಹೊರಗೆಳೆದುಕೊಂಡು ಬಾಗಿಲಿನ ಮುಂದೆ ಮಲಗಿದ ಹಾಗೆ ಕೂರುತ್ತದೆ. ಬಾಲ ಮಾತ್ರ ಒಳಮುಖವಾಗಿ. ಆಗ ಕತ್ತಲೆಯಿಂದ ಎರಡು ಉದ್ದ ಮೀಸೆ ಬಂದು ಆ ಬಾಲವನ್ನು ತಡವುತ್ತವೆ. ಬಾಲ ಸಿಕ್ಕಿದ ಮೇಲಷ್ಟೇ ಸೀಗಡಿ ಹೊರಗೆ ಕಾಲಿಡುವುದು. ಎದುರಿಗೆ ಒಂದು ರಾಶಿ ಮರಳನ್ನು ಜೆಸಿಬಿ ಥರ ತಳ್ಳಿಕೊಂಡು ಬರುತ್ತದೆ, ಬಾಗಿಲಿನಿಂದ ಒಂದು ಗೇಣು ಆಚೆ ಸುರಿಯುತ್ತದೆ, ತಿರುಗಿ ಹೋಗುತ್ತದೆ. ಈ ಓಡಾಟದ ಉದ್ದಕ್ಕೂ ಒಂದು ಮೀಸೆ ಗೋಬಿಯ ಮೈಮೇಲೆ ಇದ್ದೇ ಇರುತ್ತದೆ. ಮೇಲಿಂದ ಯಾವುದಾದರೂ ಮೀನು ಹತ್ತಿರ ಸುಳಿದರೆ ಗೋಬಿ ಬಾಲವನ್ನು ಪಟಪಟ ಅಂತ ಸಣ್ಣಗೆ ಅದುರಿಸುತ್ತದೆ. ಅಷ್ಟು ಸಾಕು, ಸೀಗಡಿ ಹಿಂದೆ ಹಿಂದೆ ಸರಿದು ಒಳಗೆ. ಅಪಾಯ ದೊಡ್ಡದಾದರೆ ಗೋಬಿಯೇ ತಲೆ ಮುಂದೆ ಮಾಡಿ ಬಿಲಕ್ಕೆ ಧುಮುಕುತ್ತದೆ. ಮೀನು ಮತ್ತು ಸೀಗಡಿ ಮುಟ್ಟಿ ಮಾತಾಡುವುದನ್ನು ಇಷ್ಟು ಹತ್ತಿರದಿಂದ ನೋಡಿದ ಮೇಲೆ ನನಗೆ ಟ್ಯಾಂಕಿನ ಬೇರೆ ಯಾವ ಮೀನೂ ಅಷ್ಟು ಹಿಡಿಸಲಿಲ್ಲ.

ಈಗ ಮರಳಿನ ವಿಷಯಕ್ಕೆ ಬರುತ್ತೇನೆ. ಬಿಲ ಅಂದರೆ ಒಂದು ತೂತಲ್ಲ. ಅದಕ್ಕೆ ಸುರಂಗ ಇದೆ, ಕವಲು ಇದೆ, ಅಗಲವಾದ ಕೋಣೆ ಇದೆ. ಕಡಲಲ್ಲಿ ಇವು ಅಡಿಗಟ್ಟಲೆ ಉದ್ದ ಇರುತ್ತವೆ. ಟ್ಯಾಂಕಿನಲ್ಲಿ ಅಷ್ಟು ಕೊಡಲು ಆಗುವುದಿಲ್ಲ, ಆದರೆ ಕನಿಷ್ಠ 6ರಿಂದ 8 ಸೆಂಟಿಮೀಟರ್ ದಪ್ಪಕ್ಕೆ ಮರಳು ಹಾಕಬಹುದು ಅಲ್ವಾ? ಬರೀ ನುಣ್ಣನೆಯ ಮರಳು ಹಾಕಿದರೂ ಪ್ರಯೋಜನವಿಲ್ಲ, ಅಗೆದ ಹಾಗೆ ಕುಸಿಯುತ್ತದೆ. ಅದರಲ್ಲಿ ಸಣ್ಣ ಹವಳದ ಚೂರು, ಕಪ್ಪೆಚಿಪ್ಪಿನ ತುಂಡು, ಕಡಲೆಕಾಳಿನಷ್ಟರಿಂದ ಹೆಬ್ಬೆರಳಿನಷ್ಟರವರೆಗಿನ ಕಲ್ಲು ಎಲ್ಲ ಬೆರೆಸಬೇಕು. ಸೀಗಡಿ ಇವನ್ನು ಒಂದೊಂದಾಗಿ ಆರಿಸಿ ತಂದು ಗೋಡೆಗೆ ಒತ್ತಿ ಕೂರಿಸುತ್ತದೆ. ನಮ್ಮದು ಒಮ್ಮೆ ಒಂದು ಚಿಪ್ಪಿನ ತುಂಡನ್ನು ಬಾಗಿಲಿನ ಎಡಗಡೆ ಇಟ್ಟಿತು, ಮತ್ತೆ ಎತ್ತಿ ಬಲಗಡೆ ಇಟ್ಟಿತು, ಅದೂ ಸರಿ ಬರಲಿಲ್ಲವೇನೋ, ಅಡ್ಡಲಾಗಿ ತಿರುಗಿಸಿ ಮೇಲೆ ಚಾವಣಿಗೆ ಸಿಕ್ಕಿಸಿತು. ಆ ತುಂಡು ಈಗಲೂ ಅಲ್ಲೇ ಇದೆ. ಫೋಟೊದಲ್ಲಿದ್ದ ಆ ತೆಳ್ಳನೆಯ ಒಂದೇ ಥರದ ಮರಳಿನಲ್ಲಿ ಈ ಪ್ರಾಣಿ ಏನು ಕಟ್ಟಬೇಕು ಹೇಳಿ.

ಮರಳಿಗಿಂತ ಮೊದಲು ಕಲ್ಲು. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿದರೂ ತಪ್ಪಿಲ್ಲ. ದೊಡ್ಡ ಬಂಡೆಗಳು ಟ್ಯಾಂಕಿನ ತಳದ ಗಾಜಿನ ಮೇಲೆ ನೇರವಾಗಿ ಕೂತಿರಬೇಕು, ಮರಳು ಅವುಗಳ ಸುತ್ತ ಬರಬೇಕು. ನಾನು ಮೊದಲ ಸಲ ಉಲ್ಟಾ ಮಾಡಿದೆ. ಮರಳು ಹಾಸಿ, ಅದು ಚೆಂದ ಕಾಣಲಿ ಅಂತ ಸಮ ಮಾಡಿ, ಅದರ ಮೇಲೆ ಬಂಡೆ ಜೋಡಿಸಿದೆ. ಸೀಗಡಿ ಬಂಡೆಯ ಕೆಳಗೇ ಅಗೆಯಲು ಶುರು ಮಾಡಿತು, ಅದಕ್ಕೆ ಗಟ್ಟಿ ಚಾವಣಿ ಬೇಕು, ಬಂಡೆಗಿಂತ ಗಟ್ಟಿ ಚಾವಣಿ ಎಲ್ಲಿದೆ? ಮೂರನೇ ವಾರ ಒಂದು ರಾತ್ರಿ ದಡ್ ಅಂತ ಸದ್ದಾಯಿತು. ಎದ್ದು ಬಂದು ದೀಪ ಹಾಕಿ ನೋಡಿದರೆ ನೀರು ಹಾಲಿನ ಹಾಗೆ ಕದಡಿತ್ತು. ಮೇಲಿನ ಬಂಡೆ ಒಂದು ಕಡೆಗೆ ಕುಸಿದು ಗಾಜಿಗೆ ಒರಗಿತ್ತು. ಗಾಜು ಉಳಿಯಿತು. ಬೆಳಗಿನವರೆಗೂ ಕಾದೆ. ಗೋಬಿ ಒಂದು ಮೂಲೆಯಲ್ಲಿ ಪಂಪಿನ ಹಿಂದೆ ಸಿಕ್ಕಿತು. ಸೀಗಡಿ ಸಿಗಲಿಲ್ಲ. ಬಂಡೆ ಎತ್ತಿದಾಗ ಕೆಳಗೆ ಇತ್ತು. ಅದಾದ ಮೇಲೆ ಆ ಗೋಬಿ ಎಷ್ಟೋ ದಿನ ಅದೇ ಜಾಗಕ್ಕೆ ಬಂದು, ಬಿಲ ಇಲ್ಲದ ಮರಳಿನ ಮೇಲೆ, ಬಾಲ ಬಂಡೆಯ ಕಡೆಗೆ ಮಾಡಿ ಕೂರುತ್ತಿತ್ತು. ಅದಕ್ಕೆ ಏನು ಅನಿಸುತ್ತಿತ್ತೋ ಹೇಳಲಾರೆ. ನೋಡುತ್ತಿದ್ದ ನನಗಂತೂ ಆಗುತ್ತಿರಲಿಲ್ಲ. ಎರಡನೇ ಸಲ ಎಲ್ಲ ಖಾಲಿ ಮಾಡಿ, ಬಂಡೆಗಳನ್ನು ಗಾಜಿನ ಮೇಲೆ ಕೂರಿಸಿ, ಒಂದಕ್ಕೊಂದು ಅಂಟಿಸಿ, ಕೈಯಲ್ಲಿ ಅಲ್ಲಾಡಿಸಿ ನೋಡಿ, ಆಮೇಲೆ ಮರಳು ಸುರಿದೆ.

ಇನ್ನು ಆ ಸದ್ದಿನ ಭಯ. ಸೀಗಡಿಯ ಏಟಿಗೆ ಟ್ಯಾಂಕಿನ ಗಾಜು ಒಡೆಯಬಹುದು, ಟಕ್ ಟಕ್ ಸದ್ದು ಕೇಳಿದರೆ ಹಿಡಿದು ಹೊರಹಾಕಿ ಅಂತ ಬರಹದಲ್ಲಿ ಇದೆ. ಇದು ಸರಿಯಲ್ಲ. ಪಿಸ್ತೂಲ್ ಸೀಗಡಿಗೆ ಎರಡು ಇಕ್ಕಳಗಳಿವೆ, ಒಂದು ಚಿಕ್ಕದು, ಇನ್ನೊಂದು ಮೈಗೆ ಮೀರಿದ ದಪ್ಪದ್ದು. ಆ ದಪ್ಪ ಇಕ್ಕಳವನ್ನು ರಪ್ಪನೆ ಮುಚ್ಚಿದಾಗ ನೀರು ಒಂದು ಎಳೆಯಾಗಿ ಚಿಮ್ಮುತ್ತದೆ. ಆ ವೇಗಕ್ಕೆ ಒಂದು ಗುಳ್ಳೆ ಹುಟ್ಟುತ್ತದೆ, ಆ ಗುಳ್ಳೆ ತಕ್ಷಣ ಕುಸಿಯುತ್ತದೆ. ನಾವು ಕೇಳುವ ಟಕ್ ಸದ್ದು ಇಕ್ಕಳದ್ದಲ್ಲ, ಗುಳ್ಳೆ ಕುಸಿದದ್ದು. ಇದನ್ನು 2000ರಲ್ಲಿ ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ಮಿಷೆಲ್ ವರ್ಸ್ಲೂಯಿಸ್, ಡೆಟ್ಲೆಫ್ ಲೋಸೆ ಮತ್ತು ಜೊತೆಗಾರರು ಅತಿ ವೇಗದ ಕ್ಯಾಮರಾ ಇಟ್ಟು ತೋರಿಸಿದರು. ಮರುವರ್ಷ ಅದೇ ಗುಳ್ಳೆ ಕುಸಿಯುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳಕೂ ಹೊಮ್ಮುತ್ತದೆ, ಒಳಗಿನ ಬಿಸಿ ಒಂದು ಕ್ಷಣದ ಅತಿ ಚಿಕ್ಕ ಪಾಲಿನಷ್ಟು ಹೊತ್ತು 5,000 ಕೆಲ್ವಿನ್‌ಗೂ ಮೇಲೆ ಹೋಗುತ್ತದೆ ಅಂತ ತಿಳಿಯಿತು. ಕೇಳಿದರೆ ಎದೆ ಝಲ್ ಅನ್ನುತ್ತದೆ ನಿಜ. ಆದರೆ ಇದೆಲ್ಲ ನಡೆಯುವುದು ಇಕ್ಕಳದ ತುದಿಯ ಹತ್ತಿರದ ಒಂದು ಚುಕ್ಕಿಯಷ್ಟು ಜಾಗದಲ್ಲಿ. ಸಣ್ಣ ಬೇಟೆಯನ್ನು ದಿಗ್ಭ್ರಮೆಗೊಳಿಸಲು, ಬಾಗಿಲಿಗೆ ಬಂದ ಏಡಿಯನ್ನು ಓಡಿಸಲು ಅಷ್ಟು ಸಾಕು. ಮನೆಯಲ್ಲಿ ಸಾಕುವ ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಸೀಗಡಿಯಿಂದ ಅಕ್ವೇರಿಯಂ ಗಾಜಿಗೆ ಏನೂ ಆಗುವುದಿಲ್ಲ. ಗಾಜಿನ ಭಯ ಹುಟ್ಟಿರುವುದು ಮ್ಯಾಂಟಿಸ್ ಸೀಗಡಿಯಿಂದ. ಅದು ಬೇರೆಯೇ ಪ್ರಾಣಿ, ದೊಡ್ಡ ಜಾತಿಗಳು ಸುತ್ತಿಗೆಯ ಹಾಗೆ ನೇರವಾಗಿ ಗುದ್ದುತ್ತವೆ. ಎರಡೂ ಟಕ್ ಅನ್ನುತ್ತವೆ ಅಂತ ಒಂದೇ ಗುಂಪಿಗೆ ಸೇರಿಸಿ ಪಾಪದ ಸೀಗಡಿಯನ್ನು ಟಾಯ್ಲೆಟ್ಟಿಗೆ ಹಾಕಿದವರನ್ನು ನಾನು ಬಲ್ಲೆ. ಟ್ಯಾಂಕಿನಲ್ಲಿ ಸದ್ದು ಕೇಳಿದರೆ ಮೊದಲು ರಾತ್ರಿ ಕೆಂಪು ಟಾರ್ಚ್ ಹಿಡಿದು ಯಾರು ಅಂತ ನೋಡಿ. ಅಂದ ಹಾಗೆ ಎರಡನೇ ಮಹಾಯುದ್ಧದ ಕಾಲದಲ್ಲಿ ಸಬ್‌ಮರೀನ್‌ಗಳ ಸದ್ದು ಹಿಡಿಯಲು ನೀರಿಗೆ ಕಿವಿಗೊಟ್ಟು ಕೂತವರಿಗೆ ಬೆಚ್ಚಗಿನ, ಆಳವಿಲ್ಲದ ಕಡಲಲ್ಲಿ ಅಡ್ಡಿಯಾಗಿದ್ದು ಈ ಸೀಗಡಿಗಳ ಚಟಪಟ ಸದ್ದೇ.

ಯಾವ ಗೋಬಿಗೆ ಯಾವ ಸೀಗಡಿ ಅನ್ನುವುದನ್ನು ಬರಹ ಒಂದೇ ಸಾಲಿನಲ್ಲಿ ಮುಗಿಸಿದೆ, ಯಾವುದಾದರೂ ಆಗುತ್ತದೆ ಅಂತ. ಆಗುವುದಿಲ್ಲ. ಗೋಬಿ ಅನ್ನುವ ಹೆಸರಿನಲ್ಲಿ ಬರುವ ಮೀನುಗಳಲ್ಲಿ ಹೆಚ್ಚಿನವು ಸೀಗಡಿಯ ಸಹವಾಸಕ್ಕೇ ಬರುವುದಿಲ್ಲ. ಡೈಮಂಡ್ ಗೋಬಿ ಮರಳನ್ನು ಬಾಯಲ್ಲಿ ತುಂಬಿ ಜಾಲಿಸುವ ಮೀನು, ಕ್ಲೌನ್ ಗೋಬಿ ಹವಳದ ಕೊಂಬೆಯ ಮೇಲೆ ಕೂರುವುದು, ನಿಯಾನ್ ಗೋಬಿ ಬೇರೆ ಮೀನುಗಳ ಮೈ ಕ್ಲೀನ್ ಮಾಡುವುದು. ಇವುಗಳಿಗೆ ಸೀಗಡಿ ಪಕ್ಕದಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಾಗೆಯೇ ಪಿಸ್ತೂಲ್ ಸೀಗಡಿಗಳಲ್ಲೂ ನೂರಾರು ಜಾತಿ ಇವೆ, ಗೋಬಿಯನ್ನು ಮನೆಗೆ ಸೇರಿಸಿಕೊಳ್ಳುವವು ಕೆಲವೇ. ಜೋಡಿ ಗ್ಯಾರಂಟಿ ಅಂತ ಅಂಗಡಿಯವರು ನನಗೆ ಒಮ್ಮೆ ಕೊಟ್ಟದ್ದು ಬಂಡೆಯ ಸಂದಿಯಲ್ಲಿ ಒಂಟಿಯಾಗಿರುವ ಒಂದು ಕಂದು ಸೀಗಡಿ. ಅದು ಮರಳಿನ ಕಡೆ ತಿರುಗಿಯೂ ನೋಡಲಿಲ್ಲ.

ಹೊಸಬರಿಗೆ ನಾನು ಹೇಳುವುದು ಎರಡು ಜೋಡಿ. ಮೊದಲನೆಯದು ಹಳದಿ ವಾಚ್‌ಮ್ಯಾನ್ ಗೋಬಿ, ಅಂದರೆ ಕ್ರಿಪ್ಟೊಸೆಂಟ್ರಸ್ ಸಿಂಕ್ಟಸ್, ಅದರ ಜೊತೆ ಟೈಗರ್ ಪಿಸ್ತೂಲ್ ಸೀಗಡಿ, ಆಲ್ಫಿಯಸ್ ಬೆಲ್ಯುಲಸ್. ಗೋಬಿ ಹತ್ತು ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ಗಟ್ಟಿ ಮೀನು, ಹೊಸಬರ ಸಣ್ಣಪುಟ್ಟ ತಪ್ಪು ತಡೆದುಕೊಳ್ಳುತ್ತದೆ. ಇನ್ನೊಂದು ಯಾಶಾ ಗೋಬಿ ಮತ್ತು ಕೆಂಪು ಬಿಳಿ ಪಟ್ಟೆಯ ರಾಂಡಲ್ ಸೀಗಡಿ. ಯಾಶಾಗೆ ವಿಜ್ಞಾನದ ಹೆಸರು ಸಿಕ್ಕಿದ್ದೇ 2001ರಲ್ಲಿ. ಬೆರಳುದ್ದದ ಬಿಳಿ ಮೈ, ಕೆಂಪು ಪಟ್ಟೆ, ಮೇಲೆ ಎತ್ತಿ ಹಿಡಿದ ಬಾವುಟದಂಥ ಈಜುರೆಕ್ಕೆ, ನೋಡಲು ಅಷ್ಟು ಮುದ್ದು. ಆದರೆ ಸ್ವಭಾವ ನಾಚಿಕೆಯದ್ದು, ಗದ್ದಲ ಮಾಡುವ ಮೀನುಗಳಿರುವ ಟ್ಯಾಂಕಿಗೆ ಹಾಕಬೇಡಿ. ರಾಂಡಲ್ ಹೆಸರು ಬಂದದ್ದು ಜಾನ್ ರಾಂಡಲ್ ಎಂಬ ಮೀನು ವಿಜ್ಞಾನಿಯಿಂದ. ಸೀಗಡಿಯ ಜೊತೆ ಬದುಕುವ ಒಂದು ಗೋಬಿಗೂ ಅವರದೇ ಹೆಸರಿದೆ. ಒಂದೇ ಜಾತಿಯ ಎರಡು ಗೋಬಿಗಳನ್ನು ಮಾತ್ರ ಸುಮ್ನೆ ಒಟ್ಟಿಗೆ ಬಿಡಬೇಡಿ. ಗಂಡು ಹೆಣ್ಣು ಜೋಡಿಯಾಗಿಲ್ಲದಿದ್ದರೆ ಬಾಗಿಲಿಗಾಗಿ ಕಿತ್ತಾಡುತ್ತವೆ.

ತಂದ ಮೇಲೆ ಅವಸರ ಬೇಡ. ಟ್ಯಾಂಕ್ ಹೊಸದಾದರೆ ನೀರಿನಲ್ಲಿ ಕೊಳೆಯಿಂದ ಹುಟ್ಟುವ ವಿಷಗಳಾದ ಅಮೋನಿಯ ಮತ್ತು ನೈಟ್ರೈಟ್ ಸೊನ್ನೆಗೆ ಬಂದು ನಿಲ್ಲುವವರೆಗೆ ಕಾಯಬೇಕು, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನೀರಿನ ಬಿಸಿ 24ರಿಂದ 26 ಡಿಗ್ರಿ, ಉಪ್ಪಿನಂಶ ಸಾಪೇಕ್ಷ ಸಾಂದ್ರತೆಯ ಲೆಕ್ಕದಲ್ಲಿ 1.025ರ ಆಸುಪಾಸು. ಸೀಗಡಿಗೆ ಉಪ್ಪಿನ ಏರುಪೇರು ಆಗಿಬರುವುದಿಲ್ಲ, ಹಾಗಾಗಿ ಚೀಲದ ನೀರಿಗೆ ಸಣ್ಣ ಪೈಪಿನಿಂದ ತೊಟ್ಟು ತೊಟ್ಟಾಗಿ ಟ್ಯಾಂಕಿನ ನೀರು ಬಿಡುತ್ತಾ ಒಂದು ಗಂಟೆಯಾದರೂ ಹೊಂದಿಸಬೇಕು. ದೀಪ ಆರಿಸಿ, ಸೀಗಡಿಯನ್ನು ಒಂದು ಅಗಲ ಪೈಪಿನ ಮೂಲಕ ನೇರವಾಗಿ ಬಂಡೆಯ ಬುಡಕ್ಕೆ ಇಳಿಸಿ. ಮೊದಲೇ ಅಲ್ಲಿ ಬೆರಳಿನಿಂದ ಒಂದು ಸಣ್ಣ ಗುಳಿ ಮಾಡಿಟ್ಟಿದ್ದರೆ ಅದಕ್ಕೊಂದು ಆಸರೆ. ಗೋಬಿಯನ್ನು ಆಮೇಲೆ ಅದೇ ಪೈಪಿನಿಂದ ಹತ್ತಿರದಲ್ಲೇ ಬಿಡಿ. ಕೆಲವು ಜೋಡಿಗಳು ಅರ್ಧ ಗಂಟೆಯಲ್ಲಿ ಸೇರಿಬಿಡುತ್ತವೆ. ನಮ್ಮ ಎರಡನೇ ಜೋಡಿಗೆ ಹತ್ತೊಂಬತ್ತು ದಿನ ಬೇಕಾಯಿತು. ಸೀಗಡಿ ಎಡ ಮೂಲೆಯಲ್ಲಿ, ಗೋಬಿ ಬಲ ಮೂಲೆಯಲ್ಲಿ. ಸುರಂಗ ದಿನಕ್ಕೆ ಸ್ವಲ್ಪ ಸ್ವಲ್ಪ ಬಲಕ್ಕೆ ಬರುತ್ತಿತ್ತು. ಇಪ್ಪತ್ತನೇ ದಿನ ಬೆಳಿಗ್ಗೆ ಗೋಬಿ ಹೊಸ ಬಾಗಿಲಿನಲ್ಲಿ ಕೂತಿತ್ತು, ಅದರ ಬಾಲದ ಮೇಲೆ ಮೀಸೆ ಇತ್ತು.

ಈ ಕಾಯುವ ದಿನಗಳಲ್ಲೇ ಜನ ಕೆಡುವುದು. ಸೀಗಡಿ ಕಾಣುತ್ತಿಲ್ಲ, ಸತ್ತಿರಬೇಕು ಅಂತ ಬಂಡೆ ಎತ್ತಿ ಹುಡುಕುತ್ತಾರೆ, ಇದ್ದ ಬಿಲವೂ ಹೋಗುತ್ತದೆ. ದಯವಿಟ್ಟು ಮುಟ್ಟಬೇಡಿ. ಮರಳಿನ ಮೇಲೆ ಕಾಲು, ಇಕ್ಕಳ ಎಲ್ಲ ಇರುವ ಸೀಗಡಿಯ ಆಕಾರ ಬಿದ್ದಿದ್ದರೂ ಗಾಬರಿಯಾಗಬೇಡಿ. ಅದು ಹೆಚ್ಚಾಗಿ ಕಳಚಿದ ಹಳೆಯ ಚಿಪ್ಪು. ಬೆಳೆಯಬೇಕಾದರೆ ಚಿಪ್ಪು ಕಳಚಲೇಬೇಕು, ಹೊಸದು ಗಟ್ಟಿಯಾಗುವವರೆಗೆ ಅದು ಬಿಲದಿಂದ ಹೊರಗೆ ಬರುವುದಿಲ್ಲ. ಇನ್ನೂ ಒಂದು ವಿಶೇಷ ಇದೆ. ದಪ್ಪ ಇಕ್ಕಳ ಕಿತ್ತುಹೋದರೆ ಮುಂದೆ ಚಿಪ್ಪು ಕಳಚುತ್ತಾ ಹೋದ ಹಾಗೆ ಚಿಕ್ಕ ಇಕ್ಕಳವೇ ದಪ್ಪ ಪಿಸ್ತೂಲಾಗಿ ಬೆಳೆಯುತ್ತದೆ, ಕಿತ್ತುಹೋದ ಜಾಗದಲ್ಲಿ ಚಿಕ್ಕದು ಹುಟ್ಟುತ್ತದೆ.

ಊಟದ ವಿಷಯ ಸುಲಭ. ನೀರಲ್ಲಿ ಮುಳುಗುವ ಮೀನಿನ ಆಹಾರದ ಸಣ್ಣ ಕಾಳು, ಮೈಸಿಸ್ ಎಂಬ ಸೀಗಡಿಯಂಥ ಪುಟ್ಟ ಜೀವಿ ಇಂಥದ್ದನ್ನು ಬಾಗಿಲಿನ ಹತ್ತಿರವೇ ಬೀಳುವ ಹಾಗೆ ಪಿಪೆಟ್‌ನಿಂದ ಬಿಟ್ಟರೆ ಸಾಕು. ಗೋಬಿ ಬಾಯಿಗೆ ಹಾಕಿಕೊಳ್ಳುತ್ತದೆ, ಕೆಳಗೆ ಬಿದ್ದದ್ದನ್ನು ಸೀಗಡಿ ಒಳಗೆ ಎಳೆದುಕೊಳ್ಳುತ್ತದೆ.

ಜೊತೆಗೆ ಯಾರಿರಬೇಕು ಅನ್ನುವುದಕ್ಕಿಂತ ಯಾರಿರಬಾರದು ಅನ್ನುವುದು ಮುಖ್ಯ. ಹಾಕ್ ಮೀನು ಬಂಡೆಯ ಮೇಲೆ ಕೂತು ಸೀಗಡಿಗೇ ಹೊಂಚು ಹಾಕುತ್ತದೆ. ಟ್ರಿಗರ್ ಮೀನು, ದೊಡ್ಡ ರಾಸ್ ಮೀನು ಬೇಡವೇ ಬೇಡ. ತೀರಾ ಸಣ್ಣ ಅಲಂಕಾರದ ಸೀಗಡಿಗಳನ್ನು ಇದೇ ಟ್ಯಾಂಕಿಗೆ ಹಾಕಿದರೆ ಪಿಸ್ತೂಲಿನ ಏಟಿಗೆ ಅವು ಸಿಗಬಹುದು, ಅದೂ ನೆನಪಿರಲಿ. ಮೀನಿಗೆ ಚುಕ್ಕೆ ರೋಗ ಬಂತು ಅಂತ ತಾಮ್ರ ಇರುವ ಔಷಧಿಯನ್ನು ಈ ಟ್ಯಾಂಕಿಗೆ ಸುರಿದರೆ ಸೀಗಡಿ ಉಳಿಯುವುದಿಲ್ಲ, ಹವಳವೂ ಉಳಿಯುವುದಿಲ್ಲ. ಮೀನನ್ನು ಹಿಡಿದು ಬೇರೆ ತೊಟ್ಟಿಯಲ್ಲಿಟ್ಟು ನೋಡಿಕೊಳ್ಳಬೇಕು. ಮತ್ತೆ ಮುಚ್ಚಳ! ಗೋಬಿ ಬೆದರಿದರೆ ಬಾಣದ ಹಾಗೆ ನೆಗೆಯುತ್ತದೆ. ವೈರ್ ಹೋಗಲು ಬಿಟ್ಟ ಎರಡು ಬೆರಳಗಲದ ಸಂದಿ ಅದಕ್ಕೆ ಧಾರಾಳ ಸಾಕು. ಸಣ್ಣ ಕಣ್ಣಿನ ಜಾಲರಿ ಬಿಗಿಯಾಗಿ ಹಾಕಿ.

ಇಂಥ ಟ್ಯಾಂಕ್ ಫೋಟೊದಲ್ಲಿದ್ದ ಹಾಗೆ ಸಮವಾಗಿ, ಬೆಳ್ಳಗೆ ಕಾಣುವುದಿಲ್ಲ ಅನ್ನುವುದನ್ನೂ ಮೊದಲೇ ಒಪ್ಪಿಕೊಳ್ಳಬೇಕು. ಒಂದು ಕಡೆ ಗುಡ್ಡ, ಒಂದು ಕಡೆ ಹಳ್ಳ. ನಿನ್ನೆ ಇದ್ದ ಬಾಗಿಲು ಇವತ್ತು ಇರುವುದಿಲ್ಲ. ಮರಳಿನ ಮೇಲೆ ಇಟ್ಟ ಸಣ್ಣ ಹವಳದ ತುಂಡನ್ನು ಸೀಗಡಿ ಹೊತ್ತುಕೊಂಡು ಹೋಗಿ ಗೋಡೆಗೆ ಹಾಕಿಕೊಳ್ಳುತ್ತದೆ, ತಳದಲ್ಲಿರುವ ಹವಳದ ಮೇಲೆ ಮರಳು ಸುರಿದು ಮುಚ್ಚಿಬಿಡುತ್ತದೆ. ಹವಳವನ್ನು ಬಂಡೆಗೆ ಅಂಟಿಸಿ, ಒಂದು ಗೇಣಾದರೂ ಮೇಲಿಡಿ. ವಾರಕ್ಕೊಮ್ಮೆ ಮರಳಿನ ಕೊಳೆ ಎಳೆಯಲು ಸೈಫನ್ ಪೈಪ್ ಹಾಕುವವರು ಬಿಲ ಇರುವ ಭಾಗವನ್ನು ಬಿಟ್ಟುಬಿಡಿ. ಆ ಭಾಗವನ್ನು ಸೀಗಡಿಯೇ ದಿನವೂ ತಿರುವಿ ಹಾಕುತ್ತಿರುತ್ತದೆ. ಇಷ್ಟೂ ಆಗದು, ನನಗೆ ಮರಳು ಸಮವಾಗಿಯೇ ಇರಬೇಕು ಅನ್ನುವವರು ಈ ಜೋಡಿಯನ್ನು ತರದಿರುವುದೇ ಒಳ್ಳೆಯದು. ಇದನ್ನು ಬೇಸರದಿಂದ ಹೇಳುತ್ತಿಲ್ಲ. ಕಡಲಿನಿಂದ ಹಿಡಿದು ತಂದ ಪ್ರಾಣಿಗಳು ಇವು, ಅವುಗಳಿಗೆ ಅಗೆಯಲು ಒಂದಿಷ್ಟು ನೆಲ ಕೊಡಲಾಗದಿದ್ದರೆ ತರುವುದು ಯಾಕೆ?

ಸಂಪಾದಕರೇ, ಮುಂದಿನ ಸಲ ಈ ವಿಷಯ ಹಾಕುವಾಗ ಮರಳಿನ ದಪ್ಪ ಎಷ್ಟಿರಬೇಕು ಅಂತ ಒಂದು ಸಾಲು, ಬಂಡೆ ಗಾಜಿನ ಮೇಲೆ ಕೂರಬೇಕು ಅಂತ ಇನ್ನೊಂದು ಸಾಲು ಖಂಡಿತ ಹಾಕಿ. ಸದ್ದು ಕೇಳಿದರೆ ಹಿಡಿದು ಹೊರಹಾಕಿ ಅನ್ನುವ ಮಾತಿಗೆ ತಿದ್ದುಪಡಿಯೂ ಬರಲಿ. ಫೋಟೊ ಬೇಕಿದ್ದರೆ ನಾನು ಕಳಿಸುತ್ತೇನೆ. ಟ್ಯಾಂಕಿನ ಬದಿಯ ಗಾಜಿಗೆ ತಳದಲ್ಲಿ ಕಪ್ಪು ಕಾಗದ ಅಂಟಿಸಿಟ್ಟಿದ್ದೆ. ಅಲ್ಲಿ ಕತ್ತಲೆ ಅಂತ ಸೀಗಡಿ ಸುರಂಗವನ್ನು ಗಾಜಿಗೆ ಒತ್ತಿಯೇ ತೋಡಿದೆ. ಮೊನ್ನೆ ರಾತ್ರಿ ಕಾಗದವನ್ನು ಮೆಲ್ಲಗೆ ಸರಿಸಿ ತೆಗೆದ ಚಿತ್ರ ಅದು. ಮೇಲೆ ಚಿಪ್ಪಿನ ತುಂಡುಗಳ ಚಾವಣಿ, ಕೆಳಗೆ ಗೋಬಿ ಹೊಟ್ಟೆ ಮರಳಿಗೆ ತಾಗಿಸಿ ಮಲಗಿದೆ, ಅದರ ಪಕ್ಕದಲ್ಲೇ ಸೀಗಡಿ ಒಂದು ಕಲ್ಲನ್ನು ಹಿಡಿದುಕೊಂಡು ನಿಂತಿದೆ.

ಇಂತಿ,
ನಿಮ್ಮ ಓದುಗ